ಓಕ್ಲ್ಯಾಂಡ್ ಏಸ್ ತಂಡದ ಕೊನೆಯ ಸೀಸನ್: ನಿನ್ನೆ ಕೊಲಿಸಿಯಂಗೆ ಹೋಗಿ ಬಂದೆವು

ಫ್ರೀಮಾಂಟ್_ಹಸಿರುಟೋಪಿ · 27 ಸೆಪ್ಟೆಂಬರ್ 2024

ಎಲ್ಲರಿಗೂ ನಮಸ್ಕಾರ. ಇಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಮಾತು ಕಡಿಮೆ. ಆದರೂ ನಿನ್ನೆಯಿಂದ ಮನಸ್ಸು ಭಾರವಾಗಿದೆ, ಬರೆಯದೆ ಇರಲು ಆಗಲಿಲ್ಲ.

ನಿನ್ನೆ ಗುರುವಾರ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್ ಅಥ್ಲೆಟಿಕ್ಸ್ ತನ್ನ ಊರಿನ ಕೊಲಿಸಿಯಂ ಮೈದಾನದಲ್ಲಿ ಕೊನೆಯ ಸಲ ಬೇಸ್‌ಬಾಲ್ ಆಡಿತು. ಎಲ್ಲರೂ ಕರೆಯೋದು ಏಸ್ ಅಂತ. 1968ರಲ್ಲಿ ಓಕ್ಲ್ಯಾಂಡ್‌ಗೆ ಬಂದ ತಂಡ. ಮುಂದಿನ ವರ್ಷದಿಂದ ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಮೈದಾನ, ಆಮೇಲೆ ಲಾಸ್ ವೇಗಸ್. 57 ಸೀಸನ್ ಇದ್ದ ಮನೆ ಖಾಲಿಯಾಯಿತು.

ನಾನು 2003ರಲ್ಲಿ ಫ್ರೀಮಾಂಟ್‌ಗೆ ಬಂದವನು. ಕಾರಿಲ್ಲ, ಪರಿಚಯದವರಿಲ್ಲ. ಆಫೀಸಿನ ಗೆಳೆಯನೊಬ್ಬ ಬುಧವಾರ ಸಂಜೆ ಕರೆದುಕೊಂಡು ಹೋದ. ಆಗ ಬುಧವಾರದ ಟಿಕೆಟ್ ಎರಡು ಡಾಲರ್. ಬಾರ್ಟ್ ರೈಲಿನಲ್ಲಿ ಕೊಲಿಸಿಯಂ ಸ್ಟೇಷನ್‌ನಲ್ಲಿ ಇಳಿದು, ಉದ್ದನೆಯ ಸೇತುವೆ ದಾಟಿದರೆ ಸೀದಾ ಗೇಟು. ಬಲಗಡೆಯ ಅಗ್ಗದ ಸೀಟುಗಳಲ್ಲಿ ಡ್ರಮ್ ಬಾರಿಸುತ್ತಿದ್ದರು. ಆ ಸದ್ದು ಕೇಳಿದ ಕೂಡಲೇ ನನಗೆ ನಮ್ಮೂರ ಜಾತ್ರೆಯ ತಮಟೆ ನೆನಪಾಯಿತು. ಆಟ ಒಂಚೂರೂ ಅರ್ಥ ಆಗಲಿಲ್ಲ. ಮುಂದಿನ ಬುಧವಾರ ಮತ್ತೆ ಹೋದೆ.

ನಿನ್ನೆ ಮಗಳಿಗೆ ಶಾಲೆಗೆ ರಜೆ ಹಾಕಿಸಿದೆ. ಅವಳಿಗೆ 13 ವರ್ಷ. ಎರಡು ವರ್ಷದವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಇದೇ ಸೇತುವೆ ದಾಟಿದ್ದಳು. ನಿನ್ನೆ ಜನರ ಮಧ್ಯೆ ನಾನು ತಪ್ಪಿಹೋಗದ ಹಾಗೆ ಅವಳೇ ನನ್ನ ತೋಳು ಹಿಡಿದುಕೊಂಡಿದ್ದಳು.

46,889 ಜನ. ಸೀಟು ಒಂದೂ ಖಾಲಿ ಇಲ್ಲ. ನಮ್ಮ ಹಳೆಯ ಆಟಗಾರ ಬ್ಯಾರಿ ಜಿಟೋ ರಾಷ್ಟ್ರಗೀತೆ ಹಾಡಿದರು. ಏಸ್ ತಂಡದ ಹಳೆಯ ಆಟಗಾರರಾದ ರಿಕಿ ಹೆಂಡರ್ಸನ್, ಡೇವ್ ಸ್ಟೀವರ್ಟ್ ಆಟಕ್ಕೆ ಮುಂಚೆ ಗೌರವದ ಮೊದಲ ಚೆಂಡು ಎಸೆದರು. ಇಬ್ಬರೂ ಓಕ್ಲ್ಯಾಂಡ್‌ನಲ್ಲೇ ಬೆಳೆದವರು. ಎದುರಾಳಿ ಟೆಕ್ಸಸ್ ರೇಂಜರ್ಸ್, ಕಳೆದ ವರ್ಷದ ಚಾಂಪಿಯನ್. ನಾವು 3-2ರಿಂದ ಗೆದ್ದೆವು. ಕೊನೆಯ ಚೆಂಡುಗಳನ್ನು ಎಸೆದದ್ದು ಮೇಸನ್ ಮಿಲ್ಲರ್. ನೆಲಕ್ಕೆ ತಾಗಿ ಉರುಳಿ ಬಂದ ಚೆಂಡನ್ನು ಮೂರನೇ ಬೇಸ್‌ನಲ್ಲಿ (ಬೇಸ್ ಅಂದರೆ ಓಡುವವರು ಮುಟ್ಟಬೇಕಾದ ಗುರುತು) ಮ್ಯಾಕ್ಸ್ ಶೂಮನ್ ಹಿಡಿದು ಮೊದಲನೇ ಬೇಸ್‌ಗೆ ಎಸೆದ. ಅಷ್ಟೇ, ಮುಗಿಯಿತು.

ಯಾರೂ ಎದ್ದು ಹೋಗಲಿಲ್ಲ. ಮ್ಯಾನೇಜರ್ (ನಮ್ಮಲ್ಲಿ ಮುಖ್ಯ ಕೋಚ್ ಇದ್ದ ಹಾಗೆ) ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ಧನ್ಯವಾದ ಹೇಳಿದರು. ಕೊನೆಗೆ 'ಲೆಟ್ಸ್ ಗೋ ಓಕ್ಲ್ಯಾಂಡ್' ಅಂತ ಎಲ್ಲರಿಂದಲೂ ಒಂದು ಸಲ ಕೂಗಿಸಿದರು. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ, ಎಪ್ಪತ್ತು ದಾಟಿರಬೇಕು, ಹಳೆಯ ಹಳದಿ ಜೆರ್ಸಿ ಹಾಕಿಕೊಂಡಿದ್ದರು. ಅವರು ಕೂಗಲಿಲ್ಲ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಸುಮ್ನೆ ಮೈದಾನ ನೋಡುತ್ತಾ ನಿಂತಿದ್ದರು.

ಕೆಳಗೆ ಮೈದಾನದ ಕೆಲಸಗಾರರು ಅಂಚಿಗೆ ಬಂದು, ಜನ ಚಾಚಿದ ಲೋಟ, ಬಾಟಲಿಗಳಿಗೆ ಮಣ್ಣು ತುಂಬಿ ಕೊಡುತ್ತಿದ್ದರು. ಮಗಳು ತಂಪು ಪಾನೀಯದ ಲೋಟ ತೊಳೆದು ಒಯ್ದಳು. ಅರ್ಧ ಲೋಟ ಸಿಕ್ಕಿತು. ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣ. ಬಾರ್ಟ್‌ನಲ್ಲಿ ಮನೆ ತಲುಪುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಈ ವರ್ಷ ನಮ್ಮ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ನನ್ನ ಮಟ್ಟಿಗೆ 21 ವರ್ಷದಲ್ಲಿ ಇದಕ್ಕಿಂತ ದೊಡ್ಡ ಸೀಸನ್ ಇನ್ನೊಂದಿಲ್ಲ. ಯಾಕೆ ಅಂತ ಕೇಳಿದರೆ ಹೇಳುತ್ತೇನೆ.

---

ಜಯನಗರ_ನಾಲ್ಕನೇಬ್ಲಾಕ್ · 27 ಸೆಪ್ಟೆಂಬರ್ 2024

ಓದಿ ಗಂಟಲು ಕಟ್ಟಿತು ಸರ್. ನನಗೆ ಬೇಸ್‌ಬಾಲ್ ಗೊತ್ತಿಲ್ಲ. ಒಂದು ಸೀಸನ್‌ನಲ್ಲಿ ಎಷ್ಟು ಆಟ? ಸೋತ ಸೀಸನ್ ದೊಡ್ಡದು ಹೇಗೆ? ನಿಜವಾಗಿಯೂ ತಿಳಿಯುವ ಆಸೆ.

---

ಫ್ರೀಮಾಂಟ್_ಹಸಿರುಟೋಪಿ · 27 ಸೆಪ್ಟೆಂಬರ್ 2024

ಒಂದು ಸೀಸನ್‌ಗೆ 162 ಆಟ. ಅದರಲ್ಲಿ 81 ತವರಿನಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಹೆಚ್ಚುಕಡಿಮೆ ದಿನಾ ಆಟ. ನಮ್ಮ ಐಪಿಎಲ್ ಎರಡು ತಿಂಗಳ ಹಬ್ಬ. ಇದು ದಿನಾ ಸಂಜೆ ಮನೆಯಲ್ಲಿ ರೇಡಿಯೊ ಹಾಕಿದ ಹಾಗೆ. ಅಡುಗೆ ಮಾಡುವಾಗ, ಪಾತ್ರೆ ತೊಳೆಯುವಾಗ ಕಿವಿಗೆ ಬೀಳುತ್ತಲೇ ಇರುತ್ತದೆ. ಅದಕ್ಕೇ ಇದು ನಿಂತರೆ ಮನೆಯಲ್ಲಿ ಯಾರೋ ಮಾತು ಬಿಟ್ಟ ಹಾಗೆ ಅನಿಸೋದು.

ಈಗ ನಿಮ್ಮ ಪ್ರಶ್ನೆ. 2022ರ ಸೀಸನ್ ಶುರುವಾಗುವ ಮುಂಚೆ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್ ಇಬ್ಬರನ್ನೂ ಬೇರೆ ತಂಡಗಳಿಗೆ ಕೊಟ್ಟರು. ವರ್ಷದ ಕೊನೆಗೆ ಶಾನ್ ಮರ್ಫಿಯನ್ನೂ ಕೊಟ್ಟರು. ನಾವು ಕಣ್ಣೆದುರು ಬೆಳೆಸಿದ ಹುಡುಗರು. 2023ರಲ್ಲಿ 50 ಗೆಲುವು, 112 ಸೋಲು. ಅದೇ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಅಂದರು. ನವೆಂಬರ್‌ನಲ್ಲಿ 30 ತಂಡಗಳ ಮಾಲೀಕರು ಒಮ್ಮತದಿಂದ ಹೂಂ ಅಂದರು. ಅಂದರೆ ಈ ವರ್ಷದ ಮೊದಲ ಆಟಕ್ಕೆ ಮುಂಚೆಯೇ ಆಟಗಾರರಿಗೂ ಗೊತ್ತು, ಜನರಿಗೂ ಗೊತ್ತು: ಮನೆ ಬಿಡುವುದು ಖಚಿತ.

ಹೀಗಿದ್ದೂ ಆ ಹುಡುಗರು ಆಡಿದರು. ಬ್ರೆಂಟ್ ರೂಕರ್ ಹತ್ತಿರ ಹತ್ತಿರ ನಲವತ್ತು ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದಾನೆ. ಅವನನ್ನು ಮೂರು ತಂಡಗಳು ಒಂದರ ಹಿಂದೆ ಒಂದು ಕೈಬಿಟ್ಟಿದ್ದವು. ಲಾರೆನ್ಸ್ ಬಟ್ಲರ್ ಮೇ ತಿಂಗಳಲ್ಲಿ ಕೆಳಗಿನ ದರ್ಜೆಗೆ ಹೋಗಿ, ವಾಪಸ್ ಬಂದು ಬೇರೆಯೇ ಆಟಗಾರನ ಹಾಗೆ ಬಾರಿಸಿದ. ಮಿಲ್ಲರ್‌ನ ವೇಗದ ಎಸೆತದ ಸರಾಸರಿಯೇ 100 ಮೈಲಿ, ಅಂದರೆ ಗಂಟೆಗೆ 161 ಕಿ.ಮೀ. ಇಂಥ ಹುಡುಗರು ಕಳೆದ ವರ್ಷಕ್ಕಿಂತ 19 ಆಟ ಜಾಸ್ತಿ ಗೆದ್ದರು. ಹೋಗುವ ಮನೆಯ ಅಂಗಳಕ್ಕೆ ಕೊನೆಯ ದಿನದವರೆಗೂ ನೀರು ಹಾಕಿ ರಂಗೋಲಿ ಬಿಟ್ಟ ಹಾಗೆ, ಅಲ್ವಾ?

---

ಕೂಪರ್ಟಿನೊ_ಲೆಕ್ಕ · 28 ಸೆಪ್ಟೆಂಬರ್ 2024

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ವರ್ಷ ಪೂರ್ತಿ ಕೊಲಿಸಿಯಂಗೆ ಬಂದವರು 9 ಲಕ್ಷ 22 ಸಾವಿರ. ಲೀಗ್‌ನಲ್ಲೇ ಎಲ್ಲರಿಗಿಂತ ಕಡಿಮೆ. ಮೈದಾನ 1966ರದ್ದು. 2013ರಲ್ಲಿ ಚರಂಡಿ ನೀರು ಆಟಗಾರರ ಕೋಣೆಗೆ ನುಗ್ಗಿತ್ತು. ಟಿವಿ ಕಾಮೆಂಟರಿ ಕೋಣೆಯಲ್ಲಿ ಪೋಸಮ್ ಅನ್ನೋ ಪ್ರಾಣಿ ಗೂಡು ಮಾಡಿತ್ತು. ಹೊಸ ಮೈದಾನಕ್ಕಾಗಿ ಫ್ರೀಮಾಂಟ್, ಸ್ಯಾನ್ ಹೊಸೆ, ಕೊನೆಗೆ ಓಕ್ಲ್ಯಾಂಡ್ ಬಂದರಿನ ಹೋವರ್ಡ್ ಟರ್ಮಿನಲ್ ತನಕ ಪ್ರಯತ್ನ ನಡೆಯಿತು. ಯಾವುದೂ ಕೈಗೂಡಲಿಲ್ಲ. ಕೊನೆಯ ದಿನ 46 ಸಾವಿರ ಜನ ಬಂದರು, ಸರಿ. ಉಳಿದ 80 ದಿನ ಬಂದಿದ್ದರೆ? ಜನರ ಪಾಲೂ ಇದೆ ಅಂತ ನನ್ನ ಅನಿಸಿಕೆ.

---

ಹೇವರ್ಡ್_ಅಡುಗೆಮನೆ · 28 ಸೆಪ್ಟೆಂಬರ್ 2024

ಜನ ಯಾಕೆ ಬರಲಿಲ್ಲ ಅಂತ ನಾನು ಹೇಳುತ್ತೇನೆ, ಬಂದವಳಾಗಿ.

13 ಜೂನ್ 2023. ಮಂಗಳವಾರ. ಅದಕ್ಕೆ ರಿವರ್ಸ್ ಬಾಯ್ಕಾಟ್ ಅಂತ ಹೆಸರು. ಅಂದರೆ ಬಹಿಷ್ಕಾರದ ಉಲ್ಟಾ. ಮೈದಾನ ಖಾಲಿ ಬಿಟ್ಟು ಸಿಟ್ಟು ತೋರಿಸುವ ಬದಲು, ಮೈದಾನ ತುಂಬಿಸಿ ತೋರಿಸೋದು. ನಾವು ಇಲ್ಲೇ ಇದ್ದೇವೆ ಅಂತ ಹೇಳೋದು. ಅಭಿಮಾನಿಗಳೇ ದುಡ್ಡು ಕೂಡಿಸಿ ಹಸಿರು ಟೀ ಶರ್ಟ್ ಮಾಡಿಸಿ ಹಂಚಿದ್ದರು. ಎದೆಯ ಮೇಲೆ ಒಂದೇ ಪದ, 'ಸೆಲ್'. ಮಾಲೀಕ ಜಾನ್ ಫಿಶರ್‌ಗೆ ಹೇಳಿದ್ದು: ನಿಮಗೆ ಬೇಡ ಅಂದರೆ ಬೇಕಾದವರಿಗೆ ಮಾರಿ. 27,759 ಜನ ಬಂದರು. ಲೀಗ್‌ನ ಅತಿ ಕೆಟ್ಟ ತಂಡಕ್ಕೆ, ವಾರದ ಮಧ್ಯೆ!

ಐದನೇ ಇನ್ನಿಂಗ್ಸ್ ಶುರುವಾದಾಗ ಎಲ್ಲರೂ ಬಾಯಿ ಮುಚ್ಚಿ ನಿಂತರು. ಒಬ್ಬ ಬ್ಯಾಟರ್ ಆಡಿ ಮುಗಿಸುವ ತನಕ ಉಸಿರಿನ ಸದ್ದೂ ಇಲ್ಲ. ಚೆಂಡು ಗ್ಲೌಸಿಗೆ ಬಡಿಯುವುದು ಮೇಲಿನ ಸಾಲಿಗೂ ಕೇಳಿಸಿತು. ಆಮೇಲೆ ಒಮ್ಮೆಲೇ 'ಸೆಲ್ ದ ಟೀಮ್' ಅಂತ ಕೂಗು ಎದ್ದಿತು. ಕೈ ಮೇಲಿನ ಕೂದಲು ನಿಂತಿತ್ತು. ಅವತ್ತು 2-1ರಿಂದ ಗೆದ್ದೆವು, ಸತತ ಏಳನೇ ಗೆಲುವು. ಅದೇ ವಾರ ನೆವಾಡ ಶಾಸನ ಸಭೆ ವೇಗಸ್ ಮೈದಾನಕ್ಕೆ 38 ಕೋಟಿ ಡಾಲರ್ ತನಕ ಸರಕಾರಿ ಹಣ ಒಪ್ಪಿತು.

ನನ್ನ ಗಂಡ ನೆಲ ಒರೆಸುವ ಬಟ್ಟೆಗಳ ಜೊತೆ ಆ ಟೀ ಶರ್ಟ್ ಸೇರಿಸಿದ್ದರು. ಎತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ.

ಈ ವರ್ಷ ಮಾರ್ಚ್ 28ರ ಮೊದಲ ಆಟಕ್ಕೂ ಹೋಗಿದ್ದೆ. ಆದರೆ ಟಿಕೆಟ್ ಕೊಳ್ಳಲಿಲ್ಲ. ಸಾವಿರಾರು ಜನ ಹೊರಗಡೆ ಪಾರ್ಕಿಂಗ್‌ನಲ್ಲೇ ನಿಂತೆವು. ಡ್ರಮ್ ಅಲ್ಲೇ, ಊಟ ಅಲ್ಲೇ, ಮಕ್ಕಳ ಆಟ ಅಲ್ಲೇ. ಒಳಗೆ ಹೋಗಿ ದುಡ್ಡು ಕೊಡಲು ಮನಸ್ಸಾಗಲಿಲ್ಲ, ಮನೆಯಲ್ಲಿ ಕೂರಲೂ ಆಗಲಿಲ್ಲ. ಆ 9 ಲಕ್ಷದ ಲೆಕ್ಕದಲ್ಲಿ ನಾವಿಲ್ಲ ಸರ್. ನಾವು ಗೇಟಿನ ಆಚೆ ಇದ್ದೆವು.

---

ಕೂಪರ್ಟಿನೊ_ಲೆಕ್ಕ · 28 ಸೆಪ್ಟೆಂಬರ್ 2024

ಪಾರ್ಕಿಂಗ್‌ನ ವಿಷಯ ನನಗೆ ಗೊತ್ತಿರಲಿಲ್ಲ. ಮೈದಾನ ಹಾಳಾಗಿತ್ತು ಅನ್ನೋ ಮಾತಿಗೆ ಈಗಲೂ ಬದ್ಧ. ಜನರ ಪಾಲು ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

---

ಫ್ರೀಮಾಂಟ್_ಹಸಿರುಟೋಪಿ · 28 ಸೆಪ್ಟೆಂಬರ್ 2024

ಮೈದಾನ ಹಾಳಾಗಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಮೊದಲು ಆಚೆ ಬದಿಯಲ್ಲಿ ಓಕ್ಲ್ಯಾಂಡ್ ಗುಡ್ಡಗಳು ಕಾಣುತ್ತಿದ್ದವಂತೆ. 1995ರಲ್ಲಿ ರೇಡರ್ಸ್ ಫುಟ್‌ಬಾಲ್ ತಂಡ ವಾಪಸ್ ಬಂತು ಅಂತ ಅಲ್ಲೊಂದು ಕಾಂಕ್ರೀಟ್ ಗೋಡೆ ಎಬ್ಬಿಸಿದರು. ನಾನು ಬರುವಷ್ಟರಲ್ಲಿ ಗುಡ್ಡ ಮರೆಯಾಗಿತ್ತು. ಆ ರೇಡರ್ಸ್ ಕೂಡ 2020ರಲ್ಲಿ ವೇಗಸ್‌ಗೆ ಹೋದರು. ಅದಕ್ಕೆ ಒಂದು ವರ್ಷ ಮುಂಚೆ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡ ಕೊಲ್ಲಿಯ ಸೇತುವೆ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿತು. ಐದೇ ವರ್ಷದಲ್ಲಿ ಮೂರು ತಂಡ ಕಳೆದುಕೊಂಡ ಊರು ಇದು.

ಗೋಡೆ ಮಾತ್ರ ಅಲ್ಲೇ ನಿಂತಿದೆ.

---

ಸಿಯಾಟಲ್_ಜಿಟಿಜಿಟಿ · 30 ಸೆಪ್ಟೆಂಬರ್ 2024

ಕೊನೆಯ ಮೂರು ಆಟ ನಮ್ಮೂರಲ್ಲೇ ಇತ್ತು. ಮೂರೂ ನಮ್ಮೂರ ಮ್ಯಾರಿನರ್ಸ್ ತಂಡ ಗೆದ್ದಿತು. ಅಲ್ಲಿಗೆ ಏಸ್ ಲೆಕ್ಕ 69 ಗೆಲುವು, 93 ಸೋಲು. ಭಾನುವಾರ ನಾನಿದ್ದ ಕಡೆ ಹಸಿರು ಟೋಪಿಯವರೂ ಇದ್ದರು. ಎದೆಯ ಮೇಲೆ ಓಕ್ಲ್ಯಾಂಡ್ ಅಂತ ಬರೆದ ಬೂದು ಜೆರ್ಸಿ ಹಾಕಿದ ಆಟಗಾರರನ್ನು ಕೊನೆಯ ಸಲ ನೋಡಲು ಅಷ್ಟು ದೂರದಿಂದ ಬಂದಿದ್ದರು.

ನಮಗೆ ಈ ನೋವು ಹೊಸದಲ್ಲ. 2008ರಲ್ಲಿ ಸೂಪರ್‌ಸಾನಿಕ್ಸ್ ಬಾಸ್ಕೆಟ್‌ಬಾಲ್ ತಂಡ 41 ಸೀಸನ್ ಮುಗಿಸಿ ಓಕ್ಲಹೋಮ ಸಿಟಿಗೆ ಹೋಯಿತು. ನನ್ನ ಪಕ್ಕದ ಮನೆಯವರು ಇವತ್ತಿಗೂ ಆ ಹಸಿರು ಟೋಪಿ ಹಾಕಿಕೊಂಡೇ ಹುಲ್ಲು ಕತ್ತರಿಸೋದು.

---

ಫಿಲಡೆಲ್ಫಿಯಾ_ಮಲೆನಾಡು · 1 ಅಕ್ಟೋಬರ್ 2024

ಒಂದು ವಿಷಯ ನೆನಪಿಸಬೇಕು ಅನಿಸಿತು. ಅಥ್ಲೆಟಿಕ್ಸ್ ಹುಟ್ಟಿದ್ದು ನಮ್ಮೂರಲ್ಲಿ, 1901ರಲ್ಲಿ. ಕಾನಿ ಮ್ಯಾಕ್ ಅನ್ನುವವರು 50 ವರ್ಷ ಮ್ಯಾನೇಜರ್ ಆಗಿದ್ದರು. ಐದು ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಚಾಂಪಿಯನ್ ಪಟ್ಟ, ಗೆದ್ದದ್ದು ಇಲ್ಲಿ. 1954ರ ನಂತರ ಕಾನ್ಸಾಸ್ ಸಿಟಿಗೆ ಹೋಯಿತು, 13 ವರ್ಷ ಕಳೆದು ಓಕ್ಲ್ಯಾಂಡ್‌ಗೆ ಬಂತು. ಅಂದರೆ ಓಕ್ಲ್ಯಾಂಡ್‌ಗೆ ಸಿಕ್ಕ ತಂಡವೂ ಇನ್ನೊಂದು ಊರು ಕಳೆದುಕೊಂಡದ್ದೇ.

ನಿಮ್ಮ ದುಃಖ ಚಿಕ್ಕದು ಮಾಡಲು ಹೇಳಿದ್ದಲ್ಲ. ಆ ಹಳದಿ ಜೆರ್ಸಿಯ ಅಜ್ಜನ ಬಗ್ಗೆ ಓದಿದಾಗ, ಇಲ್ಲೂ ಅಂಥ ಅಜ್ಜಂದಿರು ಇದ್ದಿರಬೇಕು ಅನಿಸಿತು.

---

ಫ್ರೀಮಾಂಟ್_ಹಸಿರುಟೋಪಿ · 1 ಅಕ್ಟೋಬರ್ 2024

ಇದನ್ನು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನೀವು ಹೇಳಿದ್ದು ನಿಜ. 1968ರಲ್ಲಿ ಓಕ್ಲ್ಯಾಂಡ್ ಕುಣಿಯುತ್ತಿದ್ದಾಗ ಕಾನ್ಸಾಸ್ ಸಿಟಿಯ ಯಾವುದೋ ಹುಡುಗ ಅತ್ತಿರುತ್ತಾನೆ. ಅದರ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಕಾನ್ಸಾಸ್ ಸಿಟಿಗೆ ಮರುವರ್ಷವೇ ರಾಯಲ್ಸ್ ಅನ್ನೋ ಹೊಸ ತಂಡ ಸಿಕ್ಕಿತು, ಅದು ಸಮಾಧಾನ. ಓಕ್ಲ್ಯಾಂಡ್‌ಗೆ ಅಂಥದ್ದು ಯಾರೂ ಹೇಳಿಲ್ಲ.

---

ಫ್ರೀಮಾಂಟ್_ಹಸಿರುಟೋಪಿ · 22 ಡಿಸೆಂಬರ್ 2024

ಈ ಎಳೆಯನ್ನು ಮತ್ತೆ ಮೇಲೆ ತರುತ್ತಿದ್ದೇನೆ. ರಿಕಿ ಹೆಂಡರ್ಸನ್ ತೀರಿಕೊಂಡರು, ಮೊನ್ನೆ 20ನೇ ತಾರೀಖು. 65 ವರ್ಷ. ಇನ್ನು ಐದು ದಿನ ಇದ್ದಿದ್ದರೆ ಹುಟ್ಟುಹಬ್ಬ. ಸೆಪ್ಟೆಂಬರ್ 26ರಂದು ಕೊಲಿಸಿಯಂನಲ್ಲಿ ನಮ್ಮ ಮುಂದೆ ನಗುತ್ತಾ ಚೆಂಡು ಎಸೆದಿದ್ದರು. ಆ ಮೈದಾನಕ್ಕೇ ಅವರ ಹೆಸರಿತ್ತು.

ಜಯನಗರದವರಿಗೆ ಹೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಬೇಸ್ ಕದಿಯೋದು ಅಂತ ಇದೆ. ಬೌಲರ್ ಚೆಂಡು ಎಸೆಯಲು ಕೈ ಎತ್ತಿದ ಕ್ಷಣದಲ್ಲೇ, ಬೇಸ್ ಮೇಲಿರುವವನು ಮುಂದಿನ ಬೇಸ್‌ಗೆ ಓಡಿಬಿಡೋದು. ಹತ್ತಿರ ಹತ್ತಿರ 90 ಅಡಿ. ಕೀಪರ್ ಚೆಂಡು ಹಿಡಿದು ಅಲ್ಲಿಗೆ ಎಸೆಯುವಷ್ಟರಲ್ಲಿ ಮುಟ್ಟಬೇಕು. ರಿಕಿ ಇದನ್ನು 1,406 ಸಲ ಮಾಡಿದರು. ಎರಡನೇ ಸ್ಥಾನದಲ್ಲಿರುವ ಲೂ ಬ್ರಾಕ್ 938. ಒಂದೇ ಸೀಸನ್‌ನಲ್ಲಿ 130 ಸಲ ಕದ್ದದ್ದು 1982ರಲ್ಲಿ, ನಮ್ಮ ಏಸ್‌ಗೆ ಆಡುವಾಗ. 1 ಮೇ 1991ರಂದು ಕೊಲಿಸಿಯಂನಲ್ಲಿ 939ನೆಯದು ಕದ್ದು, ಮೂರನೇ ಬೇಸನ್ನೇ ನೆಲದಿಂದ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದರು.

ಅಮ್ಮ ಊರಿನಿಂದ ಬಂದಿದ್ದಾರೆ. ಕಪಾಟಿನ ಲೋಟದಲ್ಲಿ ಮಣ್ಣು ನೋಡಿ, ಗಿಡಕ್ಕೆ ತಂದದ್ದು ಅಂದುಕೊಂಡು ತುಳಸಿ ಕುಂಡಕ್ಕೆ ಹಾಕಲು ಹೊರಟಿದ್ದರು. ಮಗಳು ಓಡಿ ಹೋಗಿ ಕೈ ಹಿಡಿದಳು. ಇಬ್ಬರೂ ಕೂತು ಆ ರಿಕಿಯ ವಿಡಿಯೊ ನೋಡಿದರು. ಇದೇ ನೆಲದ ಮಣ್ಣು ಅಜ್ಜಿ, ಅಂದಳು. ಅಮ್ಮ ಏನೂ ಹೇಳಲಿಲ್ಲ. ಊರಿಂದ ಚಟ್ನಿಪುಡಿ ತಂದಿದ್ದ ಸ್ಟೀಲ್ ಡಬ್ಬಿ ತೊಳೆದು ಒರೆಸಿ, ಮಣ್ಣನ್ನೆಲ್ಲ ಅದಕ್ಕೆ ಸುರಿದು ಮುಚ್ಚಳ ಬಿಗಿ ಮಾಡಿದರು. ಪ್ಲಾಸ್ಟಿಕ್ ಲೋಟ ಎಷ್ಟು ದಿನ ಬಾಳುತ್ತೆ ಅಂದರು.

---

ಜಯನಗರ_ನಾಲ್ಕನೇಬ್ಲಾಕ್ · 22 ಡಿಸೆಂಬರ್ 2024

ಆ 1991ರ ವಿಡಿಯೊ ಹುಡುಕಿ ನೋಡಿದೆ. ಬೇಸ್ ಎತ್ತಿದ ಆ ಎರಡು ಕೈ! ಮೂರು ಸಲ ನೋಡಿದೆ.

---

ಸ್ಯಾಕ್ರಮೆಂಟೊ_ಬಿಸಿಲು · 1 ಏಪ್ರಿಲ್ 2025

ನಾನು ಇಲ್ಲಿ ಬರೆಯಬಹುದೋ ಬೇಡವೋ ಅಂತ ಯೋಚಿಸಿದೆ. ನಿನ್ನೆ ವೆಸ್ಟ್ ಸ್ಯಾಕ್ರಮೆಂಟೊದ ಸಟರ್ ಹೆಲ್ತ್ ಪಾರ್ಕ್‌ನಲ್ಲಿ ಮೊದಲ ಆಟ. ನಮ್ಮ ಮನೆಯಿಂದ ಹತ್ತೇ ನಿಮಿಷ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಶಿಕಾಗೊ ಕಬ್ಸ್ ಎದುರು ಏಸ್ 18-3ರಿಂದ ಸೋತರು.

ಸುಮಾರು 14,000 ಜನ ಹಿಡಿಯುವ ಮೈದಾನ. ಎದೆಯ ಮೇಲೆ ಊರಿನ ಹೆಸರಿಲ್ಲ. ಸ್ಯಾಕ್ರಮೆಂಟೊ ಅಂತಲೂ ಕರೆಯಲ್ಲ, ಬರೀ ಅಥ್ಲೆಟಿಕ್ಸ್. ಒಂದು ತೋಳಿನಲ್ಲಿ ನಮ್ಮೂರ ಟವರ್ ಬ್ರಿಡ್ಜ್ ಚಿತ್ರ, ಇನ್ನೊಂದು ತೋಳಿನಲ್ಲಿ ಲಾಸ್ ವೇಗಸ್. ನನ್ನ ಮಗ ಕೇಳಿದ, ಇವರು ನಮ್ಮವರಾ ಅಂತ. ಏನು ಹೇಳಲಿ? ಮೂರು ವರ್ಷ ನಮ್ಮವರು ಅಂದೆ.

ನಿಮ್ಮ ನೋವಿನ ಮೇಲೆ ನಾವು ಹಬ್ಬ ಮಾಡುತ್ತಿದ್ದೇವೆ ಅಂತ ದಯವಿಟ್ಟು ತಿಳಿಯಬೇಡಿ.

---

ಹೇವರ್ಡ್_ಅಡುಗೆಮನೆ · 1 ಏಪ್ರಿಲ್ 2025

ಖಂಡಿತ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ, ಆಟ ತೋರಿಸಿ. ಆ ಹುಡುಗರ ತಪ್ಪೇನೂ ಇಲ್ಲ. ಬಟ್ಲರ್ ಓಕ್ಲ್ಯಾಂಡ್‌ನಲ್ಲಿ ನಮ್ಮ ಕಡೆ ನೋಡಿ ಕೈ ಬೀಸುತ್ತಿದ್ದ. ಅವನಿಗೆ ನಮ್ಮ ಪರವಾಗಿಯೂ ಒಂದು ಚಪ್ಪಾಳೆ ಹೊಡೆಯಿರಿ. ನಾನು ಮಾತ್ರ ಬರಲಾರೆ.

---

ಫ್ರೀಮಾಂಟ್_ಹಸಿರುಟೋಪಿ · 23 ಸೆಪ್ಟೆಂಬರ್ 2025

ಒಂದು ವರ್ಷ ಆಗುತ್ತಾ ಬಂತು. ಒಳ್ಳೆಯ ಸುದ್ದಿ ತಂದಿದ್ದೇನೆ.

ಓಕ್ಲ್ಯಾಂಡ್ ಬಾಲರ್ಸ್ ಗೆದ್ದರು! ಗೊತ್ತಿಲ್ಲದವರಿಗೆ: ಏಸ್ ಹೊರಟಾಗ ಊರಿನವರೇ ಕಟ್ಟಿದ ತಂಡ. ಪಯೋನಿಯರ್ ಲೀಗ್ ಅನ್ನೋ ಸಣ್ಣ ಲೀಗ್‌ನಲ್ಲಿ ಆಡುತ್ತದೆ. ವೆಸ್ಟ್ ಓಕ್ಲ್ಯಾಂಡ್‌ನ ರೈಮಂಡಿ ಪಾರ್ಕ್‌ನಲ್ಲಿ ಜೂನ್ 2024ರಲ್ಲಿ ತವರಿನ ಮೊದಲ ಆಟ. ಅಭಿಮಾನಿಗಳೂ ಪಾಲು ಕೊಳ್ಳಬಹುದು ಅಂದಾಗ ಎರಡು ಸಾವಿರಕ್ಕೂ ಜಾಸ್ತಿ ಜನ ಕೊಂಡರು. ಈಗ ಎರಡನೇ ಸೀಸನ್‌ನಲ್ಲೇ ಲೀಗ್ ಚಾಂಪಿಯನ್. 1989ರಲ್ಲಿ ಏಸ್ ವರ್ಲ್ಡ್ ಸೀರೀಸ್ ಗೆದ್ದ ಮೇಲೆ ಓಕ್ಲ್ಯಾಂಡ್‌ಗೆ ಬೇಸ್‌ಬಾಲ್‌ನಲ್ಲಿ ಬಂದ ಮೊದಲ ಪ್ರಶಸ್ತಿ.

ಇದು ಏಸ್‌ಗೆ ಬದಲಿ ಅಂತ ನಾನು ಹೇಳಲ್ಲ. ಆಟದ ಮಟ್ಟ ಬೇರೆ, ಮಿಲ್ಲರ್‌ನಂಥ ವೇಗ ಇಲ್ಲಿಲ್ಲ. ಆದರೆ ಬೇಲಿಯ ಪಕ್ಕ ನಿಂತರೆ ಆಟಗಾರರ ಮಾತು ಕೇಳಿಸುತ್ತದೆ. ಡ್ರಮ್ ಸದ್ದು ಇದೆ. ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿದ್ದಾಳೆ, ಬೇಸ್ ಕದಿಯೋದೇ ಅವಳಿಗೆ ಇಷ್ಟ. ಆಟಕ್ಕೆ ಹೊರಡುವ ಮುಂಚೆ ಕಪಾಟಿನ ಡಬ್ಬಿ ಒಮ್ಮೆ ಮುಟ್ಟಿ ಹೋಗುತ್ತಾಳೆ.

---

ಹೇವರ್ಡ್_ಅಡುಗೆಮನೆ · 23 ಸೆಪ್ಟೆಂಬರ್ 2025

ಮುಂದಿನ ಸೀಸನ್‌ಗೆ ನಾವು ಕನ್ನಡದವರು ಒಂದು ಸಾಲು ಹಿಡಿಯೋಣವಾ? ಚಿತ್ರಾನ್ನ ನಾನು ಮಾಡುತ್ತೇನೆ. ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು?

---

ಫ್ರೀಮಾಂಟ್_ಹಸಿರುಟೋಪಿ · 23 ಸೆಪ್ಟೆಂಬರ್ 2025

ವೆಸ್ಟ್ ಓಕ್ಲ್ಯಾಂಡ್ ಬಾರ್ಟ್. ಅಲ್ಲಿಂದ ಸುಮಾರು ಒಂದು ಮೈಲಿ ನಡೆಯಬೇಕು. ಸಂಜೆ ಕೊಲ್ಲಿಯ ಕಡೆಯಿಂದ ತಣ್ಣನೆ ಗಾಳಿ ಬರುತ್ತೆ, ಸ್ವೆಟರ್ ತನ್ನಿ. ಚಿತ್ರಾನ್ನ ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿ ಹೇಳುತ್ತೇನೆ.

---

ಸ್ಯಾಕ್ರಮೆಂಟೊ_ಬಿಸಿಲು · 24 ಸೆಪ್ಟೆಂಬರ್ 2025

ನಮಗೂ ಎರಡು ಸೀಟು ಇಡಿ. ಮಗ ಹಸಿರು ಟೋಪಿ ಹಾಕಿಕೊಂಡು ಬರಬಹುದಾ ಅಂತ ಕೇಳುತ್ತಿದ್ದಾನೆ.

---

ಫ್ರೀಮಾಂಟ್_ಹಸಿರುಟೋಪಿ · 24 ಸೆಪ್ಟೆಂಬರ್ 2025

ಬರಲಿ. ನಾನೂ ಅದನ್ನೇ ಹಾಕಿಕೊಂಡಿರುತ್ತೇನೆ.